ಕಾರಣವಿಲ್ಲದ ‘ಒಲ್ಲೆ’

ಮಾರ್ಸೇಲ್
23 ನವೆಂಬರ್ 2024, ಶನಿವಾರ

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ಇತ್ತ ಕ್ಷೇಮ. ಅತ್ತ ಅಷ್ಟು ಕ್ಷೇಮವಲ್ಲ ಎಂಬುದು ನಿಮ್ಮ ಪತ್ರದಿಂದ ತಿಳಿಯಿತು. ದೀಪಾವಳಿ ಮುಗಿದ ಮೇಲೆ ಕಾರಟಗಿಯಲ್ಲಿ ಅಂಚೆಗೆ ಹಾಕಿದ್ದು ಮೊನ್ನೆ ಗುರುವಾರ ಕೈ ಸೇರಿತು. ಫೋನಿನಲ್ಲಿ ಹೇಳಲಾಗದ್ದನ್ನು ಬರೆದಿದ್ದೀರಿ ಎಂಬುದು ಲಕೋಟೆಯ ದಪ್ಪದಿಂದಲೇ ಗೊತ್ತಾಯಿತು. ಸ್ಪೀಕರ್ ಹಾಕಿಕೊಂಡೇ ಮಾತನಾಡುವ ಮನೆ ನಮ್ಮದು, ಓಣಿಗೆಲ್ಲ ಕೇಳಿಸುತ್ತದೆ. ಹಾಗಾಗಿ ನಾನೂ ಕಾಗದದಲ್ಲೇ ಉತ್ತರಿಸುತ್ತಿದ್ದೇನೆ. ಇದನ್ನು ಅವ್ವನಿಗೆ ಓದಿ ಹೇಳುವವಳು ತಂಗಿ ನೀಲಾಳೇ ಎಂಬುದೂ ನನಗೆ ಗೊತ್ತು. ನೀಲಾ, ಬೇಡವಾದ ಸಾಲು ಬಂದಾಗ ಕೆಮ್ಮಿ ಮುಂದಿನ ಪುಟಕ್ಕೆ ಹಾರಬೇಡ. ಪೂರ್ತಿ ಓದು.

ಮೊದಲು ಅವ್ವನ ಭಯ. ಎರಡು ತಿಂಗಳ ಹಿಂದೆ ನಾನು ನೀಲಾಳೊಂದಿಗೆ ಮಾತನಾಡುತ್ತ ‘ಬದುಕಿಗೆ ಅರ್ಥವಿಲ್ಲ’ ಎಂದದ್ದನ್ನೂ, ಅದರ ಬೆನ್ನಿಗೇ ‘ಆತ್ಮಹತ್ಯೆ’ ಎಂಬ ಮಾತು ಬಂದದ್ದನ್ನೂ ಅಡುಗೆಮನೆಯಿಂದ ಕೇಳಿಸಿಕೊಂಡು ಗುರುಗುಂಟಾ ಅಮರೇಶ್ವರನಿಗೆ ಹರಕೆ ಹೊತ್ತಿದ್ದಾಳಂತೆ. ಅವ್ವಾ, ನಾನು ಚೆನ್ನಾಗಿದ್ದೇನೆ. ಎರಡು ಹೊತ್ತು ಊಟ ಮಾಡುತ್ತೇನೆ, ಮೂರು ಹೊತ್ತು ಎಂದೇ ತಿಳಿ. ಕೆಮ್ಮು ಹೋಗಿದೆ. ಉಣ್ಣೆಯ ಕೋಟು ಕೊಂಡಿದ್ದೇನೆ. ಸಂಬಳ ತಪ್ಪದೆ ಬರುತ್ತಿದೆ. ಹೊತ್ತಿಗೆ ಸರಿಯಾಗಿ ಮಲಗುತ್ತೇನೆ. ನಾನಿರುವುದು ಮೊದಲ ಮಹಡಿಯಲ್ಲಿ, ಕಿಟಕಿಗೆ ಕಬ್ಬಿಣದ ಸರಳುಗಳೂ ಇವೆ. ಇನ್ನೇನು ಹೇಳಲಿ?

ಆ ಮಾತು ನನ್ನದಲ್ಲ. ಆಲ್ಬರ್ಟ್ ಕಾಮು ಎಂಬ ಫ್ರೆಂಚ್ ಲೇಖಕ 1942ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಶುರುವಾಗುವುದೇ ಅರ್ಥವಿಲ್ಲದ ಬದುಕಿಗೆ ಆತ್ಮಹತ್ಯೆ ಉತ್ತರವೇ ಎಂಬ ಪ್ರಶ್ನೆಯಿಂದ. ಇನ್ನೂರು ಪುಟ ತರ್ಕ ಮಾಡಿ ಅವನು ಕೊಡುವ ಉತ್ತರ ‘ಕೂಡದು’ ಎಂದು. ವೈದ್ಯರು ರೋಗದ ಹೆಸರು ಹೇಳಿದರೆ ರೋಗ ಅಂಟಿಸಿದರು ಎಂದಾಗುತ್ತದೆಯೇ? ಅವ್ವ ಅವನನ್ನು ‘ಆ ಕಾಮಣ್ಣ’ ಎಂದು ಕರೆದು, ಹೋಳಿಯ ದಿನ ಅವನ ಪುಸ್ತಕವನ್ನೂ ಸುಟ್ಟುಬಿಡಲಿ ಎಂದಳಂತೆ. ಇಲ್ಲಿಯ ಮನೆಯೊಡತಿಗೆ ಇದನ್ನು ಅನುವಾದಿಸಿ ಹೇಳಿದೆ. ಕಾಮನನ್ನು ಸುಡುವ ಕಥೆಯನ್ನೂ ಹೇಳಬೇಕಾಯಿತು. ಬಿದ್ದು ಬಿದ್ದು ನಕ್ಕರು. ಅವರು ನಿವೃತ್ತ ಶಿಕ್ಷಕಿ. ನನಗೆ ಫ್ರೆಂಚ್ ಕಲಿಸುತ್ತೇನೆಂದು ಆ ಪುಸ್ತಕವನ್ನು ಕೈಗಿತ್ತವರು ಅವರೇ, ಬಯ್ಯುವುದಾದರೆ ಅವರನ್ನು ಬಯ್ಯಿರಿ. ಎಪ್ಪತ್ತರ ವಯಸ್ಸು. ಮೂವತ್ತು ವರ್ಷಗಳಿಂದ ಒಬ್ಬರೊಂದಿಗೆ ಸಂಸಾರ ಮಾಡುತ್ತಿದ್ದಾರೆ, ಮದುವೆಯಾಗಿಲ್ಲ. ಮದುವೆಯಾಗದೆಯೂ ಜೊತೆಗಿರುವವರಿಗಾಗಿ ಇಲ್ಲಿಯ ಸರ್ಕಾರ 1999ರಲ್ಲಿ ಬೇರೆಯದೇ ನೋಂದಣಿಯ ಕಾನೂನು ಮಾಡಿದೆ. ಇವರು ಅದನ್ನೂ ಮಾಡಿಸಿಲ್ಲ. ಕಾರಣ ಕೇಳಿದರೆ ‘ಬೇಕೆನಿಸಲಿಲ್ಲ’ ಎಂದರು. (ಅಪ್ಪಾ, ಇದನ್ನು ವರದಿಯಾಗಿ ಬರೆದಿದ್ದೇನೆ, ಸಲಹೆಯಾಗಿ ಅಲ್ಲ.)

ಇಲ್ಲಿಯವರ ವಿಚಿತ್ರಗಳು ಇನ್ನೂ ಇವೆ. ಕೋಲಿನಷ್ಟು ಉದ್ದದ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ಮನೆ ಸೇರುವ ಮೊದಲೇ ತುದಿಯನ್ನು ಮುರಿದು ತಿನ್ನುತ್ತಾರೆ. ಬಸ್ ಹತ್ತುವಾಗ ಚಾಲಕನಿಗೆ ನಮಸ್ಕಾರ ಹೇಳದಿದ್ದರೆ ಅದು ದೊಡ್ಡ ಅಪರಾಧ, ಆದರೆ ಅದೇ ಚಾಲಕರು ತಿಂಗಳಿಗೊಮ್ಮೆ ಮುಷ್ಕರ ಹೂಡಿದರೆ ಯಾರೂ ಬೈಯುವುದಿಲ್ಲ. ನಮ್ಮ ಕಂಪನಿ ನೋಡಿಕೊಳ್ಳುವ ಕಾಲುವೆಗಳಲ್ಲಿ ಕೆಲವು ತೂಬುಗಳು ವಿದ್ಯುತ್ತೂ ಇಲ್ಲದೆ, ತೇಲುಬುರುಡೆಯ ಬಲದಿಂದ ತಾವಾಗಿಯೇ ತೆರೆದು ಮುಚ್ಚುತ್ತವೆ. ಒಬ್ಬ ನೀರುಗಂಟಿಯೂ ಬೇಡ. ‘ಹಾಗಾದರೆ ರೈತರು ಬೈಯುವುದು ಯಾರನ್ನು?’ ಎಂದು ನೀವು ಕೇಳುತ್ತೀರಿ, ಗೊತ್ತು.

ಆದರೆ ಹೂಳು ಇಲ್ಲಿಯೂ ಇದೆ. ಮಾರ್ಸೇಲ್‌ಗೆ ನೀರು ಬರುವುದು ದ್ಯೂರಾನ್ಸ್ ನದಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ, ಕಾಲರಾ ಎರಡನ್ನೂ ಕಂಡ ಮೇಲೆ ತೋಡಿದ ಕಾಲುವೆ ಅದು. ಕಣಿವೆ ದಾಟಲು ಎಂಬತ್ತು ಮೀಟರಿಗೂ ಎತ್ತರದ ಕಲ್ಲಿನ ಮೇಲ್ಗಾಲುವೆ ಕಟ್ಟಿದ್ದಾರೆ, 1847ರಲ್ಲಿ ಮುಗಿಯಿತು. ಅಷ್ಟೆಲ್ಲ ಮಾಡಿದ ಮೇಲೆ ನೀರಿನೊಂದಿಗೆ ಮಣ್ಣೂ ಬಂತು. ಆ ಮಣ್ಣು ತಂಗಲೆಂದೇ ರೆಯಾಲ್ತೋರ್ ಎಂಬಲ್ಲಿ ಒಂದು ಕೆರೆ ಮಾಡಿದ್ದಾರೆ. ಅದನ್ನು ಮೊದಲ ಸಲ ನೋಡಿದಾಗ ನಿಮ್ಮ ನೆನಪಾಯಿತು. ಪ್ರತಿ ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ನೀವು ಗ್ಯಾಂಗಿನವರೊಂದಿಗೆ ಇಳಿದು ಹೂಳು ಎತ್ತುತ್ತಿದ್ದಿರಿ. ಮಳೆಗಾಲದಲ್ಲಿ ನೀರು ಬಿಟ್ಟ ಮೊದಲ ದಿನವೇ ಕೆಂಪು ನೀರಿನೊಂದಿಗೆ ಅದು ಮತ್ತೆ ಬರುತ್ತಿತ್ತು. ಮೂವತ್ತು ವರ್ಷ. 133 ಟಿಎಂಸಿಯ ತುಂಗಭದ್ರೆಯ ಅಣೆಕಟ್ಟೇ ಹೂಳು ನುಂಗಿ 105ಕ್ಕೆ ಇಳಿದಿರುವಾಗ, ನಿಮ್ಮ ಉಪಕಾಲುವೆಯ ಸಲಿಕೆ ಯಾವ ಲೆಕ್ಕ?

ಕಾಮುವಿನ ಪುಸ್ತಕದಿಂದ ಅವ್ವನಿಗೆ ನೀಲಾ ಹೇಳಿದ ಸಿಸಿಫಸ್ಸನ ಕಥೆ ಇದೇ. ದೇವರುಗಳನ್ನೂ ಸಾವನ್ನೂ ಮೋಸಗೊಳಿಸಿದ ಗ್ರೀಕರ ರಾಜ. ಬಂಡೆಯನ್ನು ಗುಡ್ಡದ ತುದಿಗೆ ಉರುಳಿಸಬೇಕು, ಅದು ಮತ್ತೆ ಕೆಳಗುರುಳುತ್ತದೆ, ಇವನು ಮತ್ತೆ ಇಳಿದು ಹೋಗಬೇಕು, ಯುಗಯುಗಾಂತರಕ್ಕೂ. ಕಾಮು ಹೇಳುವುದು, ಅವನು ಬಂಡೆ ತಳ್ಳುವಾಗ ಅಲ್ಲ, ಬರಿಗೈಯಲ್ಲಿ ಕೆಳಗಿಳಿಯುವಾಗ ನೋಡಿ ಎಂದು. ಆ ಇಳಿಜಾರಿನಲ್ಲಿ ಅವನಿಗೆ ತನ್ನ ಪಾಡು ಪೂರ್ತಿ ಗೊತ್ತಿದೆ. ಗೊತ್ತಿದ್ದೂ ಇಳಿಯುತ್ತಾನೆ. ಅಲ್ಲಿ ಅವನು ತನ್ನ ವಿಧಿಗಿಂತ ದೊಡ್ಡವನು.

ಅವ್ವ ಕೇಳಿದ ಪ್ರಶ್ನೆಗೆ ಮನೆಯೊಡತಿಯೂ ಬೆರಗಾದರು. ‘ಅವನಿಗೆ ಹೆಂಡತಿ ಇರಲಿಲ್ಲವೇ? ರೊಟ್ಟಿ ಕಟ್ಟಿಕೊಡುತ್ತಿದ್ದವರು ಯಾರು?’ ಇದ್ದಳು ಅವ್ವಾ. ಅವಳದೊಂದು ಕಥೆಯೂ ಇದೆ, ಮುಂದೆ ಹೇಳುತ್ತೇನೆ. ಇದೂ ನಮ್ಮ ಆಯ್ದಕ್ಕಿ ಮಾರಯ್ಯನ ಹಾಗೆಯೇ ಅಲ್ಲವೇ, ದಿನವೂ ಅದೇ ಅಂಗಳ, ಅದೇ ಅಕ್ಕಿ ಆಯುವುದು ಎಂದೂ ಕೇಳಿದಳಂತೆ. ಅಮರೇಶ್ವರದ ಹರಕೆ ಹೊತ್ತವಳಿಗೆ ಅಮರೇಶ್ವರದವರೇ ನೆನಪಾದದ್ದು ಸಹಜ. ಆದರೆ ಮಾರಯ್ಯನಿಗೆ ಶಿವನಿದ್ದ. ಒಂದು ದಿನ ಹೆಚ್ಚು ಅಕ್ಕಿ ತಂದರೆ ‘ಹಿಂದಕ್ಕೆ ಹಾಕಿ ಬಾ’ ಎನ್ನುವ ಲಕ್ಕಮ್ಮನಿದ್ದಳು. ಸಿಸಿಫಸ್ಸನನ್ನು ನೋಡುವವರೇ ಇಲ್ಲ. ಕಾಮು ‘ಅಸಂಗತ’ ಎನ್ನುವುದು ಇದನ್ನೇ. ಜಗತ್ತೂ ಅಸಂಗತವಲ್ಲ, ಮನುಷ್ಯನೂ ಅಲ್ಲ. ಇವನು ಯಾಕೆ ಯಾಕೆ ಎಂದು ಕೇಳುತ್ತಾನೆ, ಅದು ಸುಮ್ಮನಿರುತ್ತದೆ. ನಮ್ಮ ಎಡದಂಡೆ ಕಾಲುವೆಯ ಮೈಲ್ 69ರ ಆಚೆ, ಬಾಲದಂಚಿನ ರೈತ ಒಣಗಿದ ಕಾಲುವೆಯಲ್ಲಿ ನಿಂತು ನೀರೆಲ್ಲಿ ಎಂದು ಕೂಗಿದಂತೆ. ಅಲ್ಲಿ ಕೂಗು ಕೇಳಲು ಒಬ್ಬ ಎಂಜಿನಿಯರ್ ಆದರೂ ಇರುತ್ತಾನೆ.

ಇಷ್ಟು ಹೊತ್ತು ಬಂಡೆ, ಬ್ರೆಡ್ಡು, ಹೂಳು ಎಂದು ಸುತ್ತು ಹಾಕಿದ್ದು ಯಾಕೆಂದು ನಿಮಗೆ ಗೊತ್ತಾಗಿರುತ್ತದೆ. ನಿಮ್ಮ ಪತ್ರದ ಎರಡನೆಯ ಪುಟವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡಿದ್ದೇನೆ. ‘ಹುಡುಗ ಸಿಂಧನೂರಿನವನು, ಸ್ವಂತ ಅಕ್ಕಿ ಗಿರಣಿ, ಹನ್ನೆರಡು ಎಕರೆ ನೀರಾವರಿ, ಏನೂ ಕೇಳುತ್ತಿಲ್ಲ. ಇವಳು ಒಲ್ಲೆ ಎನ್ನುತ್ತಾಳೆ. ಕಾರಣ ಕೇಳಿದರೆ ಕಾರಣವಿಲ್ಲ ಎನ್ನುತ್ತಾಳೆ. ಬೇರೆ ಯಾರಾದರೂ ಇದ್ದಾರೆಯೇ ಎಂದರೆ ಇಲ್ಲ ಎನ್ನುತ್ತಾಳೆ. ಇದು ನಿನ್ನ ಪುಸ್ತಕದ ಕೆಲಸ.’ ‘ನಿನ್ನ’ ಎಂಬುದರ ಕೆಳಗೆ ಗೆರೆ ಎಳೆದಿದ್ದೀರಿ. ಪೆನ್ನು ಕಾಗದವನ್ನು ಹರಿದಿದೆ.

ಬಿ.ಎಸ್ಸಿ.ಯಲ್ಲಿ ಎಂಬತ್ತೆರಡು ಪ್ರತಿಶತ ಪಡೆದವಳಿಗೆ ‘ಒಲ್ಲೆ’ ಎನ್ನಲು ಫ್ರಾನ್ಸಿನಿಂದ ಪುಸ್ತಕ ಬರಬೇಕಿತ್ತೇ? ಇರಲಿ. ನೀವು ಎತ್ತಿದ ಆಕ್ಷೇಪ ಗಟ್ಟಿಯಾಗಿದೆ, ಅದಕ್ಕೆ ಉತ್ತರಿಸುತ್ತೇನೆ. ‘ಎಲ್ಲರೂ ಮನಸ್ಸಿಗೆ ಬಂದಂತೆ ನಡೆದರೆ ಕಾಲುವೆಯ ನೀರು ಕೊನೆಯ ಹೊಲ ಮುಟ್ಟುತ್ತದೆಯೇ?’ ಇಲ್ಲ. ಕಾಮು ಕೂಡ ಹಾಗೆ ಹೇಳಿಲ್ಲ. ಎಲ್ಲದಕ್ಕೂ ಅನುಮತಿ ಇದೆ ಎಂದರೆ ಯಾವುದಕ್ಕೂ ನಿಷೇಧವಿಲ್ಲ ಎಂದರ್ಥವಲ್ಲ ಎಂದು ಅವನೇ ಬರೆದಿದ್ದಾನೆ. ಅವನ ಸ್ವಾತಂತ್ರ್ಯ ಇನ್ನೊಂದು ಬಗೆಯದು. ನಾವೆಲ್ಲ ನಾಳೆಗಾಗಿ ಬದುಕುತ್ತೇವೆ. ಎಂಜಿನಿಯರ್ ಆಗಬೇಕು, ತಂದೆಯಾಗಬೇಕು, ಅಂಚೆ ಗುಮಾಸ್ತನಾಗಬೇಕು ಎಂದು ಒಂದು ಗುರಿ ಇಟ್ಟುಕೊಂಡು, ಆಮೇಲೆ ಆ ಗುರಿಗೇ ಆಳಾಗಿ ದುಡಿಯುತ್ತೇವೆ. ನಾಳೆಯ ಭರವಸೆ ಯಾರಿಗೂ ಇಲ್ಲ ಎಂಬುದು ಮನವರಿಕೆಯಾದವನಿಗೆ ಈ ಆಳುತನ ಬಿಡುತ್ತದೆ ಎನ್ನುತ್ತಾನೆ. ಅವನ ಸಾವನ್ನೇ ನೋಡಿ. 1960ರ ಜನವರಿ 4ರಂದು ಗೆಳೆಯನ ಕಾರಿನಲ್ಲಿ ಪ್ಯಾರಿಸ್‌ಗೆ ಹೊರಟವನು ರಸ್ತೆ ಬದಿಯ ಮರಕ್ಕೆ ಕಾರು ಬಡಿದು ಸತ್ತ. ಜೇಬಿನಲ್ಲಿ ಬಳಸದ ರೈಲು ಟಿಕೆಟ್ ಇತ್ತು. ನಲವತ್ತಾರು ವಯಸ್ಸು. ಅವ್ವ ಇದಕ್ಕೆ ಹಣೆಬರಹ ಎನ್ನುತ್ತಾಳೆ. ಅವನು ಬದುಕಿದ್ದರೆ ಬರೆದವರು ಯಾರೂ ಇಲ್ಲ ಎನ್ನುತ್ತಿದ್ದ. ಟಿಕೆಟ್ ಮಾತ್ರ ಎರಡೂ ಪಕ್ಷಕ್ಕೆ ಒಂದೇ.

ಕಳೆದ ತಿಂಗಳು ಅವನ ಸಮಾಧಿ ನೋಡಲು ಹೋಗಿದ್ದೆ. ದ್ಯೂರಾನ್ಸ್ ದಾಟಿ, ಎರಡು ಬಸ್ ಬದಲಾಯಿಸಿ ಲೂರ್ಮಾರೇನ್ ಎಂಬ ಹಳ್ಳಿ. ನೊಬೆಲ್ ಹಣದಲ್ಲಿ 1958ರಲ್ಲಿ ಅಲ್ಲಿ ಮನೆ ಕೊಂಡಿದ್ದ. ದೊಡ್ಡ ಗೋಪುರವಿರಬಹುದು ಎಂದುಕೊಂಡಿದ್ದೆ. ನಮ್ಮ ಕಾಲುವೆ ದಂಡೆಯ ಮೈಲಿಗಲ್ಲನ್ನು ಮಲಗಿಸಿಟ್ಟಂತೆ ಒಂದು ಒರಟು ಕಲ್ಲು, ಅದರ ಮೇಲೆ ಹೆಸರು, ಎರಡು ಇಸವಿಗಳು. ಸುತ್ತ ಗಿಡ ಬೆಳೆದು ಅಕ್ಷರಗಳು ಅರ್ಧ ಮುಚ್ಚಿದ್ದವು. ಒಬ್ಬ ಮುದುಕ ನೀರಿನ ಡಬ್ಬಿ ಹಿಡಿದು ಪಕ್ಕದ ಬೇರೆ ಯಾರದೋ ಸಮಾಧಿಯ ಗಿಡಗಳಿಗೆ ನೀರು ಹಾಕುತ್ತಿದ್ದ. ಉಳಿದ ಒಂದು ಲೋಟದಷ್ಟನ್ನು ಇಲ್ಲಿಗೆ ಚೆಲ್ಲಿ ಹೋದ.

ಅವ್ವನಿಗೆ ಒಂದು ವಿಷಯ. ಅವನು ಅಲ್ಜೀರಿಯಾದ ಬಡವರ ಮನೆಯವನು. ವರ್ಷ ತುಂಬುವ ಮೊದಲೇ ತಂದೆ ಮೊದಲ ಮಹಾಯುದ್ಧದಲ್ಲಿ ಸತ್ತ. ತಾಯಿಗೆ ಕಿವಿ ಅಷ್ಟು ಕೇಳಿಸುತ್ತಿರಲಿಲ್ಲ, ಓದು ಬರಹ ಇರಲಿಲ್ಲ, ಬೇರೆಯವರ ಮನೆ ಗುಡಿಸಿ ಒರೆಸಿ ಮಗನನ್ನು ಸಾಕಿದಳು. ಅಪಘಾತದ ಕಾರಿನಲ್ಲಿ ಸಿಕ್ಕ ಕೊನೆಯ ಹಸ್ತಪ್ರತಿಯನ್ನು ಅವನು ಅರ್ಪಿಸಿದ್ದು ಅದನ್ನು ಎಂದೂ ಓದಲಾಗದ ಆ ತಾಯಿಗೆ. ಅದೇ ವರ್ಷ ಅವಳೂ ಹೋದಳು. ನೀಲಾ, ಇಲ್ಲಿ ಸ್ವಲ್ಪ ನಿಧಾನವಾಗಿ ಓದು.

ಅಪ್ಪಾ, ನಿಮಗೂ ಒಂದು. ಐದನೆಯ ತರಗತಿ ಮುಗಿದ ಮೇಲೆ ಅಜ್ಜಿ ಅವನನ್ನು ಕೂಲಿಗೆ ಕಳಿಸಬೇಕೆಂದಿದ್ದಳು. ಲೂಯಿ ಜೆರ್ಮೇನ್ ಎಂಬ ಶಾಲಾ ಮಾಸ್ತರರು ಮನೆಗೆ ಬಂದು ಅಜ್ಜಿಯನ್ನು ಒಪ್ಪಿಸಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸಿದರು. 1957ರಲ್ಲಿ ನೊಬೆಲ್ ಬಂದಾಗ ಅವನು ಆ ಮಾಸ್ತರರಿಗೆ ಪತ್ರ ಬರೆದ. ತಾಯಿಯ ಆಮೇಲೆ ಮೊದಲು ನೆನಪಾದವರು ನೀವೇ ಎಂದು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಗೂ ಒಬ್ಬರು ಬಂದಿದ್ದರು. 2021ರಲ್ಲಿ, ಕೊರೊನಾ ಇಳಿದ ಮೇಲೆ, ನೀಲಾಳ ರಸಾಯನಶಾಸ್ತ್ರದ ಮೇಡಂ. ಮಳೆಯಲ್ಲಿ ತೊಯ್ದ ಕೊಡೆಯನ್ನು ಪಡಸಾಲೆಯ ಮೂಲೆಯಲ್ಲಿ ಆನಿಸಿಟ್ಟು, ಅರ್ಧ ಗಂಟೆ ಕುಳಿತು, ಎಂ.ಎಸ್ಸಿ.ಗೆ ಕಳಿಸಿ ಎಂದರು. ನೀವು ಚಹಾ ತರಿಸಿದಿರಿ. ‘ಮುಂದಿನ ವರ್ಷ ನೋಡೋಣ’ ಎಂದಿರಿ. ಅದೇ ವಾರ ನನ್ನ ಮೊದಲ ಕಂತಿನ ಶುಲ್ಕ ಕಟ್ಟಬೇಕಿತ್ತು, ಕಾಲುವೆ ಪಕ್ಕದ ಎರಡು ಎಕರೆ ಅಡವಿಟ್ಟಾಗಿತ್ತು. ನಾನು ಒಳಗಿನ ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತು ಆಡಬಹುದಿತ್ತು. ವೀಸಾದ ಕಾಗದಗಳನ್ನು ಮತ್ತೊಮ್ಮೆ ಜೋಡಿಸಲು ಕೋಣೆಗೆ ಹೋದೆ. ನೀಲಾ ಚಹಾದ ಲೋಟಗಳನ್ನು ತೊಳೆದಳು. ಈಗ ನಾನು ಇಲ್ಲಿ ಕುಳಿತು ಅವಳಿಗೆ ಫೋನಿನಲ್ಲಿ ಸ್ವಾತಂತ್ರ್ಯದ ತತ್ವ ಹೇಳುತ್ತೇನೆ, ತಿಂಗಳಿಗೆ ಎರಡು ಸಲ.

ಇನ್ನೂ ಇದೆ. ಮಹಾನವಮಿಯ ಹೊತ್ತಿಗೆ ನೀವು ಸಿಂಧನೂರಿನ ವಿಷಯ ಹೇಳಿದಾಗ ‘ಒಳ್ಳೆಯ ಮನೆತನ, ಮುಗಿಸಿಬಿಡಿ’ ಎಂದವನು ನಾನೇ. ಅವಳನ್ನು ಕೇಳಿರಲಿಲ್ಲ. ಸ್ಪೀಕರ್ ಹಾಕಿತ್ತು. ಅವಳು ಅಲ್ಲೇ ಇದ್ದಳೆಂದು ಆಮೇಲೆ ತಿಳಿಯಿತು. ಹನ್ನೆರಡು ದಿನಗಳಿಂದ ನನ್ನ ಯಾವ ಸಂದೇಶಕ್ಕೂ ಉತ್ತರವಿಲ್ಲ. ಅವ್ವನ ರಕ್ತದೊತ್ತಡದ ಅಂಕಿಗಳನ್ನು ಮಾತ್ರ ಕಳಿಸುತ್ತಾಳೆ, ಒಂದು ಅಕ್ಷರ ಹೆಚ್ಚಿಲ್ಲ.

ಈಗ ಸಿಸಿಫಸ್ಸನ ಹೆಂಡತಿ. ಸಾಯುವ ಮುನ್ನ ಅವಳ ಪ್ರೀತಿಯನ್ನು ಪರೀಕ್ಷಿಸಬೇಕೆನಿಸಿ, ‘ನನ್ನ ಹೆಣವನ್ನು ಹೂಳಬೇಡ, ನಡುಬೀದಿಯಲ್ಲಿ ಎಸೆ’ ಎಂದನಂತೆ. ಅವಳು ಹೇಳಿದ ಹಾಗೆಯೇ ಮಾಡಿದಳು. ಪಾತಾಳದಲ್ಲಿ ಎಚ್ಚರವಾದವನಿಗೆ ಎಲ್ಲಿಲ್ಲದ ಸಿಟ್ಟು. ಹೆಂಡತಿ ಮಾತು ಮೀರಿದಳೆಂದಲ್ಲ, ಚಾಚೂ ತಪ್ಪದೆ ಕೇಳಿದಳೆಂದು. ಅವಳಿಗೆ ಬುದ್ಧಿ ಕಲಿಸುತ್ತೇನೆಂದು ಅಪ್ಪಣೆ ಪಡೆದು ಭೂಮಿಗೆ ಬಂದವನು ಬಿಸಿಲು, ಸಮುದ್ರ ನೋಡಿ ಹಿಂದಿರುಗಲೊಲ್ಲದೆ ಉಳಿದ. ಬಂಡೆಯ ಶಿಕ್ಷೆ ಬಂದದ್ದು ಅದಕ್ಕೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸಿಂಧನೂರಿಗೆ ಹೋದಳೆಂದೇ ಇಟ್ಟುಕೊಳ್ಳಿ. ಆಮೇಲೆ ನಿಮಗೆ ಅವಳ ಮೇಲೆಯೇ ಸಿಟ್ಟು ಬರುವುದಿಲ್ಲವೇ, ‘ಆಗಲೇ ಒಲ್ಲೆ ಎನ್ನಬಾರದಿತ್ತೇ’ ಎಂದು?

ಅಷ್ಟಕ್ಕೂ ಈ ಮಾತನ್ನು ಅವಳು ಕಲಿತದ್ದು ಯಾರಿಂದ? 1951ರ ಇನ್ನೊಂದು ಪುಸ್ತಕದಲ್ಲಿ ಕಾಮು, ಇಷ್ಟು ದಿನ ಅಪ್ಪಣೆ ಪಾಲಿಸಿದ ಆಳು ಒಂದು ದಿನ ‘ಇಲ್ಲ’ ಎನ್ನುವಾಗ ಯಾವುದನ್ನೋ ಕಾಯುತ್ತಿರುತ್ತಾನೆ, ಅವನ ಇಲ್ಲದೊಳಗೆ ಒಂದು ಹೌದು ಇರುತ್ತದೆ ಎನ್ನುತ್ತಾನೆ. ಅದನ್ನು ಓದುವಾಗ ನನಗೆ ಕಂಡದ್ದು ಬನಿಯನ್ ತೊಟ್ಟ ನೀವು. ನಾನು ನಾಲ್ಕನೆಯ ತರಗತಿ, ಬರದ ವರ್ಷ. ರಾತ್ರಿ ಎರಡು ಮೋಟಾರ್ ಸೈಕಲ್ ಬಂದವು. ಟಾರ್ಚಿನ ಬೆಳಕು ಗೋಡೆಯ ಮೇಲೆ ಓಡಾಡಿತು. ಸರದಿ ತಪ್ಪಿಸಿ ತೂಬು ಎತ್ತು ಎಂದರು. ತೂಬು ತಿರುಗಿಸುವ ಕಬ್ಬಿಣದ ಹಿಡಿಕೆ ನಿಮ್ಮ ಮಂಚದ ಕೆಳಗಿತ್ತು, ನೀವು ಅದರ ಮೇಲೆ ಕಾಲಿಟ್ಟುಕೊಂಡೇ ಕುಳಿತಿದ್ದಿರಿ. ‘ಒಲ್ಲೆ’ ಎಂದಿರಿ. ಯಾಕೆ ಎಂದರು. ‘ಯಾಕೂ ಇಲ್ಲ. ಒಲ್ಲೆ.’ ನೀಲಾ ಆಗ ಅವ್ವನ ಸೊಂಟದ ಮೇಲಿದ್ದಳು.

ತಿಂಗಳೊಳಗೆ ನಿಮ್ಮನ್ನು ದೂರದ ವಿಭಾಗಕ್ಕೆ ಹಾಕಿದರು. ಎರಡು ವರ್ಷ ಅವ್ವ ನಾಟಿಯ ಕೂಲಿಗೆ ಹೋದಳು, ಕಾಲ್ಬೆರಳ ಸಂದುಗಳು ನೀರಿಗೆ ಕೊಳೆತು ಬೇವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕಾರಣ ಏನೆಂದು ಅವ್ವ ನಿಮ್ಮನ್ನು ಕೇಳಿದ್ದು ನನಗೆ ನೆನಪಿಲ್ಲ.

ಮೇಲಿನ ಹೊಲದವನು ಅಕ್ರಮವಾಗಿ ಪಂಪ್‌ಸೆಟ್ ಹಚ್ಚಿದಂತೆ ಅಲ್ಲ ಅವಳ ಒಲ್ಲೆ. ಯಾರ ಸರದಿಯನ್ನೂ ಅವಳು ಕಸಿದಿಲ್ಲ. ಅವಳ ಸರದಿಯನ್ನು ಕಸಿದವನು ನಾನು.

ಆದ್ದರಿಂದ ಸಿಂಧನೂರಿನವರಿಗೆ ಮಾತು ಕೊಡಬೇಡಿ. ಕೊಟ್ಟಿದ್ದರೆ, ಹುಡುಗಿಯ ಅಣ್ಣ ಅಡ್ಡ ಬಂದ ಎಂದು ನನ್ನ ಹೆಸರು ಹೇಳಿ. ಅವರು ಇಷ್ಟು ದೂರ ಬಂದು ಬೈಯಲಾರರು. ಹುಡುಗ ಒಳ್ಳೆಯವನೇ ಇರಬಹುದು, ಅವನ ಮೇಲೆ ನನಗೇನೂ ದೂರಿಲ್ಲ. ಓಣಿಯವರು ಆಡುವ ಮಾತು ನನ್ನ ಕಿವಿಗೆ ಬೀಳುವುದಿಲ್ಲ, ನಿಮ್ಮ ಕಿವಿಗೆ ಬೀಳುತ್ತದೆ ಎಂಬುದೂ ಗೊತ್ತು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಕಾಮುವಿನ ಬಳಿಯೂ ಇಲ್ಲ. ಅಡವಿನ ಸಾಲ ಬರುವ ಯುಗಾದಿಗೆ ತೀರುತ್ತದೆ. ಎಂ.ಎಸ್ಸಿ.ಗೆ ಬೇಕಾದ ಹಣವನ್ನು ಬೇರೆಯಾಗಿ ಎತ್ತಿಡುತ್ತಿದ್ದೇನೆ ಎಂದು ಬರೆಯಲು ಹೊರಟಿದ್ದೆ. ಅವಳಿಗೆ ಈಗ ಎಂ.ಎಸ್ಸಿ. ಬೇಕೋ, ಬೇರೇನೋ ಬೇಕೋ, ಏನೂ ಬೇಡವೋ, ಅದನ್ನೂ ನಾನು ಕೇಳಿಲ್ಲ. ನೀಲಾ, ಈಗ ಕೇಳುತ್ತಿದ್ದೇನೆ. ಕಾರಣ ಬರೆಯಬೇಕಿಲ್ಲ. ರಕ್ತದೊತ್ತಡದ ಅಂಕಿಯ ಕೆಳಗೆ ಒಂದು ಸಾಲು ಸಾಕು.

ಅಂಚೆ ಕಚೇರಿ ಹನ್ನೆರಡಕ್ಕೆ ಮುಚ್ಚುತ್ತದೆ, ಈಗ ಹನ್ನೊಂದೂ ನಲವತ್ತು. ಅವ್ವಾ, ಮತ್ತೆ ಹೇಳುತ್ತೇನೆ, ನಾನು ಚೆನ್ನಾಗಿದ್ದೇನೆ, ಬಹಳ ಚೆನ್ನಾಗಿದ್ದೇನೆ. ಹರಕೆ ತೀರಿಸಲು ಹೋಗುವುದಾದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೋ, ಮಾತ್ರೆ ಮರೆಯಬೇಡ. ಅಪ್ಪಾ, ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನೀವು ನಿವೃತ್ತರೆಂಬುದನ್ನೂ ಮರೆತು ಮೂರು ರಾತ್ರಿ ಕಾಲುವೆ ದಂಡೆಯಲ್ಲಿ ಕಳೆದಿರಿ ಎಂದು ನೀಲಾ ಆಗಲೇ ಹೇಳಿದ್ದಳು. ಭತ್ತದ ಕಟಾವಿಗೆ ಯಂತ್ರ ಸಿಕ್ಕಿತೇ? ಎರಡನೆಯ ಬೆಳೆಗೆ ನೀರು ಬಿಡುವ ತನಕ ಹೊಲಗಾಲುವೆಯ ಹೂಳು ತೆಗೆಯಲು ಆಳು ಹಚ್ಚಿ, ಹಣ ಕಳಿಸುತ್ತೇನೆ. ಮೊಣಕಾಲು ನೋವಿಟ್ಟುಕೊಂಡು ನೀವೇ ಸಲಿಕೆ ಹಿಡಿದು ಇಳಿಯಬೇಡಿ. ಇಳಿಯುತ್ತೀರಿ ಎಂಬುದು ಗೊತ್ತು. ಇಳಿದರೆ ಬೂಟು ಹಾಕಿಕೊಳ್ಳಿ.

ಅವಸರದಲ್ಲಿ,
ನಿಮ್ಮ ಮಗ